ಅರವತ್ನಾಲ್ಕು ಎಂ.ಬಿ.ಯಲ್ಲಿ ಎಪ್ಪತ್ತೆಂಟು ನೆಂಟರು

ಅಂಗಡಿಗೆ ಬೋರ್ಡು ಬರೆಸುವವರೆಗೆ ಮನುಷ್ಯ ಸುಖವಾಗಿರುತ್ತಾನೆ. ಬರೆಸಿದ ಮರುದಿನದಿಂದ ಆ ಬೋರ್ಡಿನ ಮಟ್ಟಕ್ಕೆ ಏರುವ ಕರ್ಮ ಅವನ ಬೆನ್ನು ಹತ್ತುತ್ತದೆ. ‘ಮನೆಯ ಊಟ’ ಎಂದು ಬರೆಸಿದ ಖಾನಾವಳಿಯವನು ಮನೆಗೆ ಹೋಗಿ ಉಣ್ಣುವುದನ್ನೇ ಮರೆತದ್ದನ್ನು ನಾನು ಕಂಡಿದ್ದೇನೆ. ‘ಸ್ಪೆಶಲಿಸ್ಟ್’ ಎಂದು ಬರೆಸಿದ ಸೈಕಲ್ ರಿಪೇರಿಯವನೊಬ್ಬ, ಬರೀ ಪಂಕ್ಚರ್ ತೆಗೆಯುವುದು ತನ್ನ ಘನತೆಗೆ ಕುಂದು ಎಂದು ಗಿರಾಕಿಗಳನ್ನು ವಾಪಸು ಕಳಿಸಿದ್ದನ್ನೂ ಕಂಡಿದ್ದೇನೆ. ಇವರನ್ನೆಲ್ಲ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕವನು ನಾನು. ಆದರೆ ನಕ್ಕವನ ಬಾಗಿಲಿಗೂ ಒಂದು ದಿನ ಪೇಂಟರ್ ಏಣಿ ತಂದು ಆನಿಸುತ್ತಾನೆ. ನನ್ನ ಬಾಗಿಲಿಗೆ ಅವನು ಬಂದದ್ದು ಎರಡು ಸಾವಿರದ ಮೂರನೇ ಇಸವಿಯ ಸುಮಾರಿಗೆ, ಮತ್ತು ಅವನನ್ನು ಕರೆಸಿದವನು ನಾನೇ. ಮಾಡಿದ್ದುಣ್ಣೋ ಮಹಾರಾಯ.

ಆಗ ಸಿಂದಗಿಯಲ್ಲಿ ನನ್ನದೊಂದು ಡಿ.ಟಿ.ಪಿ. ಸೆಂಟರ್ ಇತ್ತು. ಸೆಂಟರ್ ಎಂದರೆ ದೊಡ್ಡದೇನೂ ಅಲ್ಲ, ಗಾಳಾ ಎಂದು ನಾವು ಕರೆಯುವ ಒಂದು ಅಂಗಡಿ ಕೋಣೆ, ಒಂದು ಬೆಂಚು, ಒಂದು ಕಂಪ್ಯೂಟರು, ಒಂದು ಪ್ರಿಂಟರು, ನಾನು. ಕಂಪ್ಯೂಟರು ವಿಜಾಪುರದ ಯಾವುದೋ ಆಫೀಸಿನವರು ಹೊಸದು ಕೊಂಡಾಗ ಹೊರಗೆ ಹಾಕಿದ್ದು. ಹುಟ್ಟುವಾಗ ಬೆಳ್ಳಗಿದ್ದಿರಬೇಕು, ನನ್ನ ಕೈಗೆ ಬರುವಷ್ಟರಲ್ಲಿ ಹಾಲು ಕಡಿಮೆಯಾದ ಚಹದ ಬಣ್ಣಕ್ಕೆ ತಿರುಗಿತ್ತು. ಅದರ ತಲೆಯೊಳಗಿನ ನೆನಪಿನ ಜಾಗ ಅರವತ್ನಾಲ್ಕು ಎಂ.ಬಿ. ಕಂಪ್ಯೂಟರ್ ಗೊತ್ತಿಲ್ಲದವರಿಗೆ ಹೇಳುವುದಾದರೆ, ನಾಲ್ಕು ಜನ ಒತ್ತಿಕೊಂಡು ಕೂರುವ ಟಂಟಂ ಗಾಡಿಯಷ್ಟು ಜಾಗ. ಅದರ ಮೇಲೆ ಸವಾರಿ ಮಾಡುತ್ತಿದ್ದುದು ತೊಂಬತ್ತೆಂಟು ಎಂಬ ಹಳೆಯ ವಿಂಡೋಸು. ಇಬ್ಬರೂ ಸಮವಯಸ್ಕರು, ಒಬ್ಬರ ಕುಂದು ಇನ್ನೊಬ್ಬರಿಗೆ ಗೊತ್ತಿತ್ತು, ಸಂಸಾರ ಸುಸೂತ್ರವಾಗಿ ಸಾಗಿತ್ತು. ಗುಂಡಿ ಒತ್ತಿ, ಎದುರಿನ ಹೋಟೆಲಿನವನಿಗೆ ಅರ್ಧ ಚಹಾ ಎಂದು ಕೂಗಿದರೆ, ಚಹಾ ಬರುವುದರೊಳಗೆ ಕಂಪ್ಯೂಟರು ಎದ್ದು ಕುಳಿತಿರುತ್ತಿತ್ತು.

ಇಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಎದುರಿಗೆ ಹೊಸ ಸೆಂಟರೊಂದು ಬಂತು. ಅವನ ಬೋರ್ಡಿನ ಮೇಲೆ ಕೆಂಪಕ್ಷರದಲ್ಲಿ ‘ಇಲ್ಲಿ ಎಕ್ಸ್‌ಪಿ ಇದೆ’ ಎಂದು ಬರೆದಿತ್ತು. ಎಕ್ಸ್‌ಪಿ ಎಂದರೆ ವಿಂಡೋಸಿನ ಹೊಸ ಅವತಾರ ಎಂಬುದು ಇಡೀ ತಾಲೂಕಿನಲ್ಲಿ ಬಹುಶಃ ಐದು ಜನಕ್ಕೆ ಗೊತ್ತಿತ್ತು. ಆದರೆ ನಮ್ಮ ಜನಕ್ಕೆ ಒಂದು ವಸ್ತು ಬೇಕೆನಿಸಲು ಅದು ಏನೆಂದು ಗೊತ್ತಿರಬೇಕೆಂಬ ನಿಯಮವಿಲ್ಲ. ದೇವರ ಹಿಪ್ಪರಗಿಯಿಂದ ತೊಗರಿ ಬೆಳೆಯ ಬಗ್ಗೆ ಅರ್ಜಿ ಟೈಪ್ ಮಾಡಿಸಲು ಬಂದ ಹಿರಿಯರೊಬ್ಬರು ಹೊಸ್ತಿಲ ಮೇಲೆಯೇ ನಿಂತು ಕೇಳಿದರು.

“ನಿಮ್ಮಲ್ಲಿ ಎಕ್ಸ್‌ಪಿ ಐತೇನ್ರಿ?”

“ಅರ್ಜಿ ಬರಿಯಾಕ ಅದ್ಯಾಕ ಬೇಕ್ರಿ ಯಜಮಾನ್ರ?”

“ಅದರಾಗ ಬರದಿದ್ದನ್ನ ಸಾಹೇಬ್ರು ಲಗೂನ ಓದ್ತಾರಂತ್ರಿ.”

ಇಲ್ಲ ಎಂದೆ. ಅವರು ಅರ್ಜಿಯನ್ನು ಮತ್ತೆ ಮಡಚಿ ಜೇಬಿಗಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಆ ಬೆನ್ನು ನೋಡಿ ನನಗೆ ಉರಿದುಹೋಯಿತು. ಸುಳ್ಳೇಕೆ ಹೇಳಲಿ, ಅರ್ಜಿ ಹೋದದ್ದಕ್ಕೆ ಅಲ್ಲ. ಹದಿನೈದು ವರ್ಷ ಟೈಪ್‌ರೈಟರು ಕುಟ್ಟಿ, ಆಮೇಲೆ ಕಂಪ್ಯೂಟರು ಕಲಿತು, ಈ ಭಾಗದಲ್ಲಿ ನನ್ನಷ್ಟು ತಿಳಿದವನಿಲ್ಲ ಎಂದು ಮೀಸೆ ತಿರುವುತ್ತಿದ್ದವನು, ನಿನ್ನೆ ಮೊನ್ನೆ ಅಂಗಡಿ ಇಟ್ಟವನ ಮುಂದೆ ಹಳಬನಾಗಿಬಿಟ್ಟೆನಲ್ಲ ಎಂಬ ಸಂಕಟ. ಅದೇ ಸಂಜೆ ಪಕ್ಕದ ಇಂಡಿ ಊರಿನಿಂದ ಮೆಹಬೂಬಸಾಹೇಬರನ್ನು ಕರೆಸಿದೆ. ಇವರು ಮೊದಲು ರೇಡಿಯೋ, ಆಮೇಲೆ ಟಿ.ವಿ., ಈಗ ಕಂಪ್ಯೂಟರು ರಿಪೇರಿ ಮಾಡುವ, ಐವತ್ತು ದಾಟಿದ ಮನುಷ್ಯ. ಯಂತ್ರದ ಮುಂದೆ ಸುಳ್ಳು ಹೇಳದವರು, ಯಂತ್ರದ ಯಜಮಾನನ ಮುಂದೆಯಂತೂ ಮೊದಲೇ ಹೇಳದವರು. ನನ್ನ ಬೇಡಿಕೆ ಕೇಳಿ ಅವರು ಸ್ಕ್ರೂಡ್ರೈವರು ಕೆಳಗಿಟ್ಟರು.

“ಬ್ಯಾಡ್ರಿ ಶಿವಶರಣಪ್ಪನವರ. ತೊಂಬತ್ತೆಂಟಕ್ಕ ಭೇಷ್ ಓಡಾಕತ್ತೈತಿ. ಎಂಬತ್ತು ವರ್ಷದ ಮುದುಕಗ ಬಿಗಿ ಜೀನ್ಸ್ ಪ್ಯಾಂಟ್ ಹಾಕಿಸಿದಂಗ ಆಕ್ಕೈತ್ರಿ. ಹಾಕೋತಾನ, ಇಲ್ಲ ಅನ್ನಂಗಿಲ್ಲ. ಆದ್ರ ಕುಂದ್ರಾಕ ಬರಂಗಿಲ್ಲ.”

“ಹಾಕಾಕ ಬರತೈತೋ ಇಲ್ಲೋ, ಅಷ್ಟ ಹೇಳ್ರಿ.”

“ಬರತೈತ್ರಿ. ಅರವತ್ನಾಲ್ಕು ಇದ್ರ ಹತ್ತತೈತಿ ಅಂತ ಡಬ್ಬಿ ಮ್ಯಾಲ ಬರದಾರ. ಓಡತೈತಿ ಅಂತ ಬರದಿಲ್ಲ.”

ಬುದ್ಧಿ ಇದ್ದವನು ಇಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಹಾಕಿಸಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕಲ್ಲ. ಮರುದಿನವೇ ಪೇಂಟರನನ್ನು ಕರೆಸಿ ‘ಎಕ್ಸ್‌ಪಿ ಸೌಲಭ್ಯ ಉಂಟು’ ಎಂದು ಬರೆಸಿದೆ. ಆ ಮಹಾನುಭಾವ ಎಕ್ಸ್‌ಪಿಯನ್ನು ಎಷ್ಟು ದೊಡ್ಡದಾಗಿ ಬರೆದನೆಂದರೆ, ‘ಶಿವಶರಣ ಡಿ.ಟಿ.ಪಿ. ಸೆಂಟರ್’ ಎಂಬ ನನ್ನ ಅಂಗಡಿಯ ಹೆಸರಿಗೆ ಮೂಲೆಯಲ್ಲಿ ಒಂದು ಗೇಣು ಜಾಗ ಉಳಿಯಿತು. ಅದನ್ನು ನೋಡಿದಾಗಲೇ ನನಗೆ ಮುಂದಿನದು ಹೊಳೆಯಬೇಕಿತ್ತು.

ಮೊದಲ ದಿನ ಹೊಸ ಅವತಾರ ಪರದೆಯ ಮೇಲೆ ಮೂಡಿದಾಗ ನಿಜಕ್ಕೂ ಚಂದವಾಗಿಯೇ ಇತ್ತು. ಹಸಿರು ಗುಡ್ಡ, ನೀಲಿ ಆಕಾಶ, ಬಿಳಿ ಮೋಡ. ಮುಳವಾಡದ ಕಡೆಯ ರೈತರೊಬ್ಬರು ಆ ಚಿತ್ರವನ್ನು ಬಹಳ ಹೊತ್ತು ನೋಡಿ, “ಇದು ಯಾರ ಹೊಲರಿ? ಬಾವಿ ನೀರೋ, ಕೆನಾಲ್ ನೀರೋ?” ಎಂದು ಕೇಳಿದರು. ಗೊತ್ತಿಲ್ಲರಿ ಎಂದೆ. “ಇಷ್ಟ ಹಸರ ಇದ್ದೂ ಒಂದ ದನಾ ಬಿಟ್ಟಿಲ್ಲ ನೋಡ್ರಿ, ಮಾಲಕ ಶಾಣ್ಯಾ ಇಲ್ಲ” ಎಂದು ತೀರ್ಮಾನ ಕೊಟ್ಟರು. ಇಂಥ ವಿಮರ್ಶೆಗೆಲ್ಲ ಸಮಯವಿತ್ತು. ಏಕೆಂದರೆ ಆ ಗುಡ್ಡ ಮೂಡಿದ ಮೇಲೆ ಯಂತ್ರ ಮುಂದಿನ ಹೆಜ್ಜೆ ಇಡಲು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಒಳಗಿನಿಂದ ಯಾರೋ ಒಣ ರೊಟ್ಟಿ ಕಡಿಯುತ್ತಿರುವಂಥ ಕರಕರ ಸದ್ದು. ಪರದೆಯ ಮೇಲೆ ಮರಳಿನ ಗಡಿಯಾರ. ಒಂದು ಅಕ್ಷರ ಒತ್ತಿದರೆ ಅದು ಮೂಡುವ ಹೊತ್ತಿಗೆ ಏನು ಬರೆಯಬೇಕೆಂದಿದ್ದೆನೋ ನನಗೇ ಮರೆತಿರುತ್ತಿತ್ತು. ಊಟಕ್ಕೆ ತಡವಾಗಿ ಹೋದಾಗ ನನ್ನ ಹೆಂಡತಿ ಗಂಗಾ, “ಅದೂ ನಿಮ್ಮಂಗ ಐತಿ ಬಿಡ್ರಿ, ಎಬ್ಬಿಸಿದ ಮ್ಯಾಲ ಒಂದ ತಾಸು ಬೇಕ” ಎಂದಳು. ಆದರೆ ಬೋರ್ಡಿನ ಮಹಿಮೆ ನೋಡಿ, ಗಿರಾಕಿಗಳು ಮರಳಿ ಬಂದರು. ತಡವಾದಷ್ಟೂ, ಒಳಗೆ ಭಾರೀ ಕೆಲಸ ನಡೆದಿದೆ ಎಂದು ಗೌರವದಿಂದ ಕೂತರು.

ಹೀಗಿರುವಾಗ ನನ್ನ ತಂಗಿ ಶಾಂತಾಳ ಕಿರಿ ಮಗಳಿಗೆ ಲಗ್ನ ಗೊತ್ತಾಯಿತು. ಶಾಂತಾಳನ್ನು ಕೊಟ್ಟದ್ದು ಬಸವನ ಬಾಗೇವಾಡಿಯ ಹತ್ತಿರದ ಇಂಗಳೇಶ್ವರಕ್ಕೆ. ಲಗ್ನಪತ್ರಿಕೆ ನಮ್ಮ ಸೆಂಟರಿನಲ್ಲೇ ಆಗಬೇಕು ಎಂದು ಆಕೆ ಪಟ್ಟು ಹಿಡಿದಳು. ಅಣ್ಣನ ಅಂಗಡಿ ಎಂಬ ಅಭಿಮಾನ ಒಂದು, ಭಯ ಇನ್ನೊಂದು. ಆ ಭಯವನ್ನು ನಿಮಗೆ ಹೇಳಲೇಬೇಕು. ಹಿರಿ ಮಗಳ ಲಗ್ನದ ಪತ್ರಿಕೆಯನ್ನು ಬೇರೆಲ್ಲೋ ಮಾಡಿಸಿದ್ದರು, ಅದರಲ್ಲಿ ಶಾಂತಾಳ ಗಂಡನ ಮನೆಯ ಕಾಕಾ ಒಬ್ಬರ ಹೆಸರು ಬಿಟ್ಟುಹೋಗಿತ್ತು. ನಮ್ಮ ಕಡೆ ಪತ್ರಿಕೆಯಲ್ಲಿ ಹೆಸರು ಬಿಡುವುದೆಂದರೆ ಮನುಷ್ಯನನ್ನೇ ಬಿಟ್ಟಂತೆ. ಊಟಕ್ಕೆ ಉಪ್ಪಿಲ್ಲದಿದ್ದರೂ ಸಹಿಸುತ್ತಾರೆ, ಇದನ್ನು ಸಹಿಸುವುದಿಲ್ಲ. ಆ ಕಾಕಾ ಲಗ್ನಕ್ಕೂ ಬರಲಿಲ್ಲ, ಆಮೇಲೂ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ತಪ್ಪು ಯಾರದೇ ಇರಲಿ, ಮಾತು ಕೇಳಿದವಳು ಮಾತ್ರ ಶಾಂತಾ.

“ಅಣ್ಣಾ, ಈ ಸಲ ಒಂದ ಹೆಸರೂ ಬಿಡಬಾರದು ನೋಡಪಾ” ಎಂದಳು ಅಂಗಡಿಗೆ ಬಂದವಳು. “ಬಿಟ್ಟರ ಆ ಮನ್ಯಾಗ ನಾ ತಲಿ ಎತ್ತಿ ತಿರಗಾಕ ಆಗಂಗಿಲ್ಲ.”

ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ನನಗೆ ಇರುವವಳು ಒಬ್ಬಳೇ ತಂಗಿ. ಎದೆ ತಟ್ಟಿಕೊಂಡು, “ನೀ ಏನ ಕಾಳಜಿ ಮಾಡಬ್ಯಾಡ, ಈಗ ನನ್ನಲ್ಲಿ ಎಕ್ಸ್‌ಪಿ ಐತಿ” ಎಂದೆ. ಅವಳಿಗೆ ಅದೇನೆಂದು ತಿಳಿಯದಿದ್ದರೂ ಸಮಾಧಾನವಾಯಿತು. ಎಕ್ಸ್‌ಪಿಯಿಂದ ಆದ ಉಪಯೋಗ ಅದೊಂದೇ.

ಅವಳ ಜೊತೆ ಬಂದವರು ಅವಳ ಭಾವ, ಎಂದರೆ ಗಂಡನ ಅಣ್ಣ, ಗುರುಪಾದಪ್ಪನವರು. ತಲೆಗೆ ಸುತ್ತಿದ ದೊಡ್ಡ ಪಟಗ, ಅದಕ್ಕಿಂತ ದೊಡ್ಡ ನೆನಪು. ಕೈಯಲ್ಲಿ ಹೆಸರುಗಳ ಒಂದು ಚೀಟಿ. ಬೆಳಿಗ್ಗೆ ಹತ್ತಕ್ಕೆ ಬೆಂಚಿನ ಮೇಲೆ ಕೂತಾಗ ಆ ಚೀಟಿಯಲ್ಲಿದ್ದ ಹೆಸರು ಇಪ್ಪತ್ತೆರಡು. ಎಣಿಸಿದ್ದೇನೆ. ತೊಂಬತ್ತೆಂಟಿನ ಕಾಲವಾಗಿದ್ದರೆ ಹನ್ನೊಂದಕ್ಕೆ ಇಪ್ಪತ್ತೆರಡನ್ನೂ ಹೊಡೆದು, ಚಹಾ ಕುಡಿಸಿ ಬಸ್ಸು ಹತ್ತಿಸುತ್ತಿದ್ದೆ. ಆದರೆ ಯಂತ್ರ ಏಳುತ್ತಿತ್ತು. ಎಲೆ ಅಡಿಕೆ ಹಾಕಿಕೊಂಡು ಕಾಯುವ ಮನುಷ್ಯನಿಗೆ ಬೇರೇನು ಕೆಲಸ? ನೆಂಟರು ನೆನಪಾಗತೊಡಗಿದರು, ನೆನಪಾದವರನ್ನೆಲ್ಲ ಅವರು ಚೀಟಿಗೂ ಸೇರಿಸತೊಡಗಿದರು.

“ಮುದ್ದೇಬಿಹಾಳದ ಸಿದ್ದಪ್ಪನ್ನ ಬಿಡಾಕ ಬರಂಗಿಲ್ರಿ ಬೀಗರ. ಹ್ವಾದ ವರ್ಷ ಬಿತ್ತಿಗಿ ಟೈಮಿನ್ಯಾಗ ತನ್ನ ಎತ್ತ ಕೊಟ್ಟಿದ್ದ.”

ಬರೆದೆ. ಮರಳಿನ ಗಡಿಯಾರ.

“ಸಿದ್ದಪ್ಪನ್ನ ಹಾಕಿದ ಮ್ಯಾಲ ಅವನ ತಮ್ಮನ್ನ ಬಿಟ್ಟರ ಹೆಂಗ್ರಿ? ಇಂಡಿಯಾಗ ಲಿಂಬಿಹಣ್ಣಿನ ವ್ಯಾಪಾರ ಮಾಡ್ತಾನ. ಲಗ್ನಕ್ಕ ಲಿಂಬಿಹಣ್ಣ ಅಂವನ ಕಳಸಾಂವ.”

ಬರೆದೆ. ಕರಕರ.

“ನಮ್ಮ ದೊಡ್ಡ ಆಯಿಯ ತವರಮನಿ ಕಡೆ ಬಸಲಿಂಗಪ್ಪನವರು.”

“ಅವರು ತೀರಿಕೊಂಡ್ರಲ್ಲರಿ?”

“ತೀರಿಕೊಂಡಾರಿ. ಮಕ್ಕಳು ಜೀವಂತ ಅದಾರಲ್ಲ? ಹೆಸರಿನ ಮುಂದ ‘ಲಿಂ.’ ಅಂತ ಹಾಕಿ ಬರೀರಿ.”

ಹೀಗೆ ‘ಸುಖಾಗಮನ ಬಯಸುವವರು’ ಎಂಬ ಸಾಲಿನಲ್ಲಿ ಮೇಲಿನ ಲೋಕದಿಂದ ಬಯಸುವವರೇ ನಾಲ್ಕು ಮಂದಿ ಆದರು. ಒಂದು ಹೆಸರು ಬರೆದು ಉಳಿಸುವಷ್ಟರಲ್ಲಿ ಮೂರು ಹೆಸರು ನೆನಪಾಗುತ್ತಿದ್ದವು. ಮೂರು ಬರೆದರೆ ಯಂತ್ರ ಇನ್ನೂ ಭಾರವಾಗುತ್ತಿತ್ತು, ಭಾರವಾದರೆ ಇನ್ನೂ ತಡ, ತಡವಾದರೆ ಇನ್ನೂ ನೆಂಟರು. ಎತ್ತು ಏರಿಗೆ, ಕೋಣ ನೀರಿಗೆ. ನಡುನಡುವೆ ಪರದೆಯ ಮೂಲೆಯಲ್ಲಿ ಒಂದು ಗುಳ್ಳೆ ಎದ್ದು, ನೆನಪಿನ ಜಾಗ ಸಾಲುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಗೋಗರೆಯುತ್ತಿತ್ತು. “ಏನಂತೈತ್ರಿ?” ಎಂದರು ಗುರುಪಾದಪ್ಪನವರು. ಇನ್ನು ಹೆಸರು ಹೇಳಬೇಡಿ ಅನ್ನುತ್ತದೆ ಎಂದೆ. “ಯಂತ್ರಕ್ಕೇನ ಗೊತ್ರಿ, ನಾಳೆ ಮಾತ ಕೇಳಾವ್ರು ನಾವು” ಎಂದು ಮತ್ತೊಂದು ಎಲೆಗೆ ಸುಣ್ಣ ಹಚ್ಚಿದರು. ಅಕ್ಷರಗಳನ್ನು ಸಣ್ಣದು ಮಾಡಿದೆ, ಮತ್ತೂ ಸಣ್ಣದು ಮಾಡಿದೆ. ಕೊನೆಗೆ ಮದುಮಗಳ ಹೆಸರೊಂದು ಬಿಟ್ಟು ಉಳಿದ ಮಾನವಕುಲ ಇರುವೆ ಸಾಲಿನಂತೆ ಕಾಣತೊಡಗಿತು. ಮಧ್ಯಾಹ್ನ ಮೂರೂವರೆಗೆ ಲೆಕ್ಕ ಎಪ್ಪತ್ತೇಳು.

ಗಡುವು ಇದ್ದದ್ದು ನಾಲ್ಕೂವರೆಗೆ. ಆ ಹೊತ್ತಿನ ವಿಜಾಪುರ ಬಸ್ಸಿನ ಕಂಡಕ್ಟರ್ ಕೈಗೆ ಅಚ್ಚಿನ ಪ್ರತಿ ಕೊಟ್ಟರೆ ಅಲ್ಲಿಯ ಪ್ರೆಸ್ಸಿನವರು ಬಂದು ಇಳಿಸಿಕೊಳ್ಳುತ್ತಿದ್ದರು. ಆ ಬಸ್ಸು ತಪ್ಪಿದರೆ, ಮನೆದೇವರ ಮುಂದೆ ಮೊದಲ ಪತ್ರಿಕೆ ಇಡಲು ತೆಗೆಸಿದ್ದ ಒಳ್ಳೆಯ ದಿನ ತಪ್ಪುತ್ತಿತ್ತು. ‘ಸೋದರಮಾವಂದಿರು’ ಎಂಬ ಸಾಲಿನಲ್ಲಿ ಮುದ್ದೇಬಿಹಾಳದಲ್ಲಿರುವ ನನ್ನ ಚಿಕ್ಕಪ್ಪನ ಇಬ್ಬರು ಮಕ್ಕಳ ಹೆಸರು ಆಗಲೇ ಹಾಕಿದ್ದೆ. ನನ್ನದು ಬಾಕಿ. “ನೀವಂತೂ ಮನಿಯಾವ್ರು, ನಿಮ್ಮದ ನೀವ ಹಾಕೋರಿ” ಎಂದು ಗುರುಪಾದಪ್ಪನವರು ಚೀಟಿಯಲ್ಲಿ ನನ್ನ ಹೆಸರನ್ನೇ ಬರೆದಿರಲಿಲ್ಲ. ನಾನೂ, ಮನೆಯ ಯಜಮಾನ ಕೊನೆಯ ಪಂಕ್ತಿಗೆ ಕೂರುವಂತೆ, ದೊಡ್ಡಸ್ತಿಕೆಯಿಂದ ಕೊನೆಗೆ ಇಟ್ಟುಕೊಂಡಿದ್ದೆ. ಈಗ ಕೂತು, ಎಲ್ಲರಿಗಿಂತ ಮೇಲೆ, ಹಿರಿಯ ಸೋದರಮಾವ ಎಂದು ನನ್ನ ಹೆಸರು ಹೊಡೆದೆ. ಎಪ್ಪತ್ತೆಂಟು. ಉಳಿಸು ಎಂದು ಅಪ್ಪಣೆ ಕೊಟ್ಟೆ.

ಯಂತ್ರ ನಿಂತಿತು. ಕರಕರ ಸದ್ದೂ ನಿಂತಿತು. ಐದು ನಿಮಿಷ ಕಾದೆ. ಇಲಿಯನ್ನು ಎಡಕ್ಕೆ ಬಲಕ್ಕೆ ಎಳೆದೆ. ಮೂರು ಗುಂಡಿ ಒಟ್ಟಿಗೆ ಒತ್ತುವ ಮಂತ್ರ ಪ್ರಯೋಗಿಸಿದೆ. ಗುರುಪಾದಪ್ಪನವರು ಎದ್ದು ಬಂದು, ಹಟ ಹಿಡಿದ ಹೋರಿಯ ಬೆನ್ನು ತಟ್ಟುವಂತೆ ಡಬ್ಬಿಯ ಮೇಲೆ ಎರಡು ಬಾರಿ ತಟ್ಟಿದರು. ಏನೂ ಆಗಲಿಲ್ಲ. ಗಂಟೆ ನಾಲ್ಕಾಗುತ್ತಿತ್ತು. ಶಾಂತಾ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಬೇರೆ ದಾರಿಯಿಲ್ಲದೆ ಸ್ವಿಚ್ ಆರಿಸಿ ಮತ್ತೆ ಹಚ್ಚಿದೆ. ಹಸಿರು ಗುಡ್ಡ ಬಂತು. ಆ ಗುಡ್ಡದ ಮೇಲೆ ನನಗೆ ಆ ದಿನ ಇದ್ದಷ್ಟು ದ್ವೇಷ ಜೀವಮಾನದಲ್ಲಿ ಯಾವ ಮನುಷ್ಯನ ಮೇಲೂ ಇರಲಿಲ್ಲ. ನಾಲ್ಕು ಇಪ್ಪತ್ತಕ್ಕೆ ಪತ್ರಿಕೆ ತೆರೆಯಿತು. ದೇವರು ದೊಡ್ಡವನು, ಹೆಸರುಗಳು ಇದ್ದವು. ಗುರುಪಾದಪ್ಪನವರು ಚೀಟಿ ಓದಿದರು, ನಾನು ಪರದೆಯ ಮೇಲೆ ಬೆರಳಿಟ್ಟು “ಐತಿ, ಐತಿ” ಎಂದೆ. ಎತ್ತು ಕೊಟ್ಟವನು ಇದ್ದ, ಲಿಂಬೆಹಣ್ಣಿನವನು ಇದ್ದ, ಹಿಂದಿನ ಸಲ ಸಿಟ್ಟಾದ ಕಾಕಾ ಮೇಲಿನ ಸಾಲಿನಲ್ಲಿ ದಪ್ಪಗೆ ಇದ್ದರು, ಸತ್ತವರು ನಾಲ್ವರೂ ಕ್ಷೇಮವಾಗಿದ್ದರು. ಪ್ರಿಂಟು ತೆಗೆದು, ಚಪ್ಪಲಿ ಮೆಟ್ಟದೆ ಓಡಿ, ಹೊರಟ ಬಸ್ಸಿನ ಕಂಡಕ್ಟರ್ ಕೈಗೆ ಹಾಕಿದೆ. ಶಾಂತಾ ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು.

ಮೂರನೆಯ ದಿನ ಅಚ್ಚಾದ ಪತ್ರಿಕೆಗಳ ಗಂಟು ಬಂತು. ನಮ್ಮ ಜನ ಪತ್ರಿಕೆ ಓದುವುದಿಲ್ಲ, ಅದರಲ್ಲಿ ತಮ್ಮ ಹೆಸರು ಹುಡುಕುತ್ತಾರೆ. ಸಿಕ್ಕರೆ ಮಡಚಿ ಇಡುತ್ತಾರೆ, ಮದುಮಗನ ಹೆಸರನ್ನು ಮಂಟಪಕ್ಕೆ ಹೋದ ಮೇಲೆ ಕೇಳಿಕೊಳ್ಳುತ್ತಾರೆ. ಒಂದು ಪ್ರತಿಯನ್ನು ಮನೆಗೆ ಒಯ್ದು ಗಂಗಾಳಿಗೆ ಕೊಟ್ಟೆ. ಅವಳ ಹೆಸರು ಅದರಲ್ಲಿ ಇರುವ ಪ್ರಶ್ನೆಯೇ ಇರಲಿಲ್ಲ, ನಮ್ಮ ಕಡೆ ಹೆಂಗಸರ ಹೆಸರು ಹಾಕುವ ರೂಢಿ ಕಡಿಮೆ. ಅವಳು ಹುಡುಕಿದ್ದು ನನ್ನ ಹೆಸರು. ಬೆರಳು ಮೇಲಿನಿಂದ ಕೆಳಗೆ ಬಂತು, ಮತ್ತೆ ಮೇಲಕ್ಕೆ ಹೋಯಿತು.

“ಏನ್ರಿ, ನಿಮ್ಮ ಹೆಸರ ಎಲ್ಲೈತಿ?”

ಇರಲಿಲ್ಲ. ಯಂತ್ರ ನಿಂತದ್ದು ನನ್ನ ಹೆಸರನ್ನು ಉಳಿಸುವ ಮೊದಲೇ. ಎಪ್ಪತ್ತೇಳು ಹೆಸರನ್ನು ತಲೆಯಲ್ಲಿಟ್ಟುಕೊಂಡ ಆ ಮುದಿ ಡಬ್ಬಿಗೆ ಭಾರವಾದ ಹೆಸರು ಅದರ ಯಜಮಾನನದು. ಸೋದರಮಾವಂದಿರ ಸಾಲಿನಲ್ಲಿ ಮುದ್ದೇಬಿಹಾಳದ ಇಬ್ಬರು ಆರಾಮಾಗಿ ಕೈಕಾಲು ಚಾಚಿ ಕುಳಿತಿದ್ದರು. ಚೀಟಿಯಲ್ಲಿ ಇರಲಿಲ್ಲವಾದ್ದರಿಂದ ಗುರುಪಾದಪ್ಪನವರು ಓದಲಿಲ್ಲ, ನನ್ನ ಹೆಸರನ್ನು ನಾನೇ ಹುಡುಕುವುದು ಸಣ್ಣತನ ಎಂದು ನಾನು ನೋಡಲಿಲ್ಲ.

ಹೆಸರಿಗಾಗಿ ಸಿಟ್ಟಾಗುವ ಜನರನ್ನು ಹಾಸ್ಯ ಮಾಡುತ್ತ ಬಂದ ನನಗೆ ಆ ಕ್ಷಣ ಬಂದ ಸಿಟ್ಟನ್ನು ಹೇಳಲಾರೆ. “ನಾ ಲಗ್ನಕ್ಕ ಹೋಗಂಗಿಲ್ಲ” ಎಂದುಬಿಟ್ಟೆ. “ಯಾರ ಮ್ಯಾಲ ಸಿಟ್ಟ ಮಾಡಿ ಬಿಡ್ತೀರಿ? ಪತ್ರಿಕಾ ಮಾಡಿದಾಂವ ಯಾರು?” ಎಂದಳು ಗಂಗಾ. ಎರಡು ದಿನದ ನಂತರ ಎಸ್.ಟಿ.ಡಿ. ಬೂತಿನಿಂದ ಶಾಂತಾಳ ಫೋನು ಬಂತು. ಅಳುತ್ತಿದ್ದಳು. “ಅಣ್ಣಾ, ಮಂದಿ ಕೇಳಾಕತ್ತಾರ, ನಿನಗೂ ನಿನ್ನ ತವರಮನಿಗೂ ಏನ ಜಗಳ ಆಗೈತಿ ಅಂತ. ನಾ ಏನ ಹೇಳಲಿ?” ಆಗ ಮಾತ್ರ ನನ್ನ ಸಿಟ್ಟು ಇಳಿದು ನಾಚಿಕೆಯಾಯಿತು. ಗಂಡನ ಮನೆಯವರ ಎಪ್ಪತ್ತು ಚಿಲ್ಲರೆ ಹೆಸರಿನ ಮಾನ ಕಾಯ್ದು, ತಂಗಿಯ ತವರನ್ನೇ ಅಳಿಸಿಬಿಟ್ಟಿದ್ದೆ. ನನ್ನ ಬೋರ್ಡಿನ ಜಂಬಕ್ಕೆ ಅವಳು ಮಾತು ಕೇಳುವಂತಾಯಿತು. ಲಗ್ನಕ್ಕೆ ನಾಲ್ಕು ದಿನ ಮೊದಲೇ ಹೋಗಿ, ಎಲ್ಲರಿಗೂ ಕಾಣುವಂತೆ ಚಪ್ಪರದ ಬಾಯಲ್ಲಿ ನಿಂತು, ಬಂದವರಿಗೆಲ್ಲ “ಬರ್ರಿ, ಬರ್ರಿ” ಎಂದು ಕೈಮುಗಿದೆ. ಮನದಲ್ಲಿ ಒಂದೇ ನಿರ್ಧಾರ, ಲಗ್ನ ಮುಗಿದ ಮರುದಿನ ಮೆಹಬೂಬಸಾಹೇಬರಿಂದ ತೊಂಬತ್ತೆಂಟನ್ನು ಮರಳಿ ಹಾಕಿಸುವುದು, ಬೋರ್ಡಿಗೆ ಸುಣ್ಣ ಬಳಿಸುವುದು. ಲಗ್ನಕ್ಕೆ ಬಂದಿದ್ದ ಮೆಹಬೂಬಸಾಹೇಬರಿಗೂ ಹಾಗೆಯೇ ಹೇಳಿದೆ. ಅವರು ನಕ್ಕು, “ಪ್ಯಾಂಟ ಬಿಚ್ಚಸೂಣಂತರಿ” ಎಂದರು.

ಊಟದ ಪಂಕ್ತಿಯಲ್ಲಿ ಒಬ್ಬ ಹಿರಿಯರು ನನ್ನ ಪಕ್ಕ ಕೂತರು. ಗಂಡಿನ ಕಡೆಯವರು, ಬಾಗೇವಾಡಿಯವರು. ಜೇಬಿನಿಂದ ಪತ್ರಿಕೆ ತೆಗೆದು, ನನ್ನನ್ನೂ ಅದನ್ನೂ ನೋಡಿದರು.

“ನೀವು ಸ್ವಾದರಮಾವ ಅಲ್ಲೇನ್ರಿ? ನಿಮ್ಮ ಹೆಸರ ಬಿಟ್ಟಾರಂತಲ್ಲ! ಎಲ್ಲಿ ಮಾಡಿಸಿದ್ರಿ ಇದನ್ನ?”

ಎದುರಿಗೆ ಬಡಿಸುತ್ತಿದ್ದ ಶಾಂತಾಳ ಕೈ ನಿಂತಿತು. ನನಗೇನಾಯಿತೋ, “ಸಿಂದಗಿ ಬಸ್‌ಸ್ಟ್ಯಾಂಡ್ ಎದುರಿಗೆ ಒಂದ ಹೊಸಾ ಅಂಗಡಿ ಆಗೈತ್ರಿ. ಏನೂ ಬರಂಗಿಲ್ಲ ಅವಗ” ಎಂದುಬಿಟ್ಟೆ.

ಹಿರಿಯರು ಕನ್ನಡಕ ಹಾಕಿಕೊಂಡು, ಪತ್ರಿಕೆಯನ್ನು ಮೂಗಿಗೆ ಹಿಡಿದು, ಎಲ್ಲಕ್ಕಿಂತ ಕೆಳಗಿನ ಸಾಲನ್ನು ಜೋರಾಗಿ ಓದಿದರು. ಆ ಸಾಲು ನನ್ನ ಸೆಂಟರಿನಲ್ಲಿ ಆಗುವ ಎಲ್ಲ ಪತ್ರಿಕೆಗಳಿಗೂ ಮೊದಲೇ ಕೂರಿಸಿಟ್ಟದ್ದು. ಯಂತ್ರ ನಿಂತರೂ ಅಳಿಯುವುದಿಲ್ಲ.

“ಶಿವಶರಣ ಡಿ.ಟಿ.ಪಿ. ಸೆಂಟರ್, ಸಿಂದಗಿ. ಎಕ್ಸ್‌ಪಿ ಸೌಲಭ್ಯ ಉಂಟು.” ಕನ್ನಡಕದ ಮೇಲಿಂದ ನೋಡಿದರು. “ನಿಮ್ಮ ಹೆಸರ ಏನಂದ್ರಿ?”

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಪಂಕ್ತಿ ಪೂರಾ ನಕ್ಕಿತು. ಶಾಂತಾಳೂ ನಕ್ಕಳು, ಆ ಹದಿನೈದು ದಿನದಲ್ಲಿ ಮೊದಲ ಸಲ. ಯಂತ್ರ ನನ್ನ ಹೆಸರನ್ನು ನುಂಗಿದ ಕಥೆಯನ್ನು ಎಲ್ಲರೆದುರು ಒಪ್ಪಿಕೊಂಡೆ, ತವರಮನೆಯ ಜಗಳದ ಮಾತು ಅಲ್ಲಿಗೆ ಮುಗಿಯಿತು. ಹಿರಿಯರು ಮಾತ್ರ ನಗಲಿಲ್ಲ. ಪತ್ರಿಕೆಯನ್ನು ಜೋಪಾನವಾಗಿ ಮಡಚಿ ಜೇಬಿಗಿಟ್ಟುಕೊಂಡು, ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು.

“ಅಂದ್ರ ಯಂತ್ರ ತಾನ ಹೆಸರ ನುಂಗತೈತಿ? ಮಾಲಕಂದೂ ಬಿಡಂಗಿಲ್ಲ?”

“ಹೌದ್ರಿ.”

“ಚೊಲೊ ಆತು ಬಿಡ್ರಿ. ಬರೂ ತಿಂಗಳ ನಮ್ಮ ಮಗಳ ಲಗ್ನ ಐತಿ. ನನ್ನ ಷಡ್ಡಕನ ಹೆಸರ ಬಿಡೂದೈತಿ, ಹತ್ತ ವರ್ಷ ಆತು, ನೆವಾ ಸಿಕ್ಕಿದ್ದಿಲ್ಲ. ಸೋಮವಾರ ಬರ್ತೇನಿ.”

ಪಂಕ್ತಿಯ ಆಚೆ ತುದಿಯಿಂದ ಮೆಹಬೂಬಸಾಹೇಬರು, ನಾಳೆ ಎಷ್ಟು ಹೊತ್ತಿಗೆ ಬರಲಿ ಎಂದು ಕೈಸನ್ನೆ ಮಾಡಿ ಕೇಳುತ್ತಿದ್ದರು. ಸದ್ಯ ಬೇಡ ಎಂದು ಸನ್ನೆ ಮಾಡಿದೆ. ಹಿರಿಯರಿಗೆ ಮಾತ್ರ, ಬೆಳಿಗ್ಗೆ ಬೇಗ ಬನ್ನಿ, ಅದು ಏಳಲು ಹೊತ್ತು ಹಿಡಿಯುತ್ತದೆ ಎಂದು ಹೇಳಿ, ಕೈಯಲ್ಲಿದ್ದ ತುತ್ತನ್ನು ಬಾಯಿಗಿಟ್ಟುಕೊಂಡೆ.